ಜಲಪಾತದ ಸ್ಟೇಜ್

ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆ ವರ್ಷದ ದಸರಾ ರಜೆಯಲ್ಲಿ ಅಪ್ಪ ಮಂಡಿಪೇಟೆಯಿಂದ ವಿಡಿಯೋ ಗೇಮ್ ತಂದರು. ಅದು ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಮ್‌ನ ಅಗ್ಗದ ನಕಲು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಕ್ಯಾಸೆಟ್ಟಿನ ಮೇಲೆ 9999999 ಆಟಗಳೆಂದು ಅಚ್ಚಾಗಿತ್ತು. ಒಳಗಿದ್ದವು ಬೆರಳೆಣಿಕೆಯಷ್ಟು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ನನಗೂ ಅಕ್ಕನಿಗೂ ಇಬ್ಬರು ಕೂಡಿ ಗುಂಡು ಹಾರಿಸುತ್ತ ಸಾಗುವ ಕಾಂಟ್ರಾ ಆಟವೆಂದರೆ ಪ್ರಾಣ. ಶುರುವಿನಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂರರ ಬದಲು 30 ಲೈಫ್. ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಮೂರನೆಯ ಸ್ಟೇಜ್ ಜಲಪಾತ. ಬಂಡೆಯಿಂದ ಬಂಡೆಗೆ ಜಿಗಿಯುತ್ತ ಹತ್ತಬೇಕು. ಮುಂದಿರುವವರು ಏರಿದಂತೆ ಪರದೆಯೂ ಮೇಲೇರುತ್ತದೆ, ಹಿಂದುಳಿದವರು ಕೆಳಗಿನ ಅಂಚಿಗೆ ಸಿಕ್ಕಿ ಸಾಯುತ್ತಾರೆ. ಅಲ್ಲಿ ಶತ್ರುವಿನ ಗುಂಡಿಗಿಂತ ಜೊತೆಗಾರರ ಅವಸರವೇ ಅಪಾಯ. ಅಕ್ಕನ ಕೈ ನನಗಿಂತ ಬಲು ಚುರುಕು. ಆದರೂ ಅವಳು ಉರುಳಿ ಬರುವ ಕಲ್ಲುಗಳನ್ನು ತಪ್ಪಿಸಿಕೊಳ್ಳುತ್ತ ಅಲ್ಲೇ ನಿಲ್ಲುತ್ತಿದ್ದಳು. "ನಿಧಾನವಾಗಿ ಬಾರೋ, ನಾನಿದ್ದೇನೆ" ಎನ್ನುತ್ತಿದ್ದಳು. ಆಟವನ್ನು ಉಳಿಸಿಡುವ ಸೌಲಭ್ಯ ಅದರಲ್ಲಿರಲಿಲ್ಲ. ಕರೆಂಟ್ ಹೋದರೆ ಮತ್ತೆ ಒಂದನೆಯ ಸ್ಟೇಜ್. ಕರೆಂಟಂತೂ ಹೋಗುತ್ತಲೇ ಇತ್ತು.

ಆಮೇಲೆ ಕಾಲೇಜು, ಸೈಬರ್ ಕೆಫೆ, ಕೌಂಟರ್ ಸ್ಟ್ರೈಕ್. ಕೊನೆಗೆ ಎಲ್ಲರಂತೆ ಮೊಬೈಲಿನಲ್ಲಿ ಪಬ್ಜಿ, ಅದನ್ನು 2020ರಲ್ಲಿ ಸರ್ಕಾರ ನಿಷೇಧಿಸುವವರೆಗೆ. ಇವೂ ಒಳ್ಳೆಯ ಆಟಗಳೇ. ಆದರೆ ಪಬ್ಜಿಯಲ್ಲಿ ನನ್ನ ತಂಡದವರು ಎಲ್ಲಿ ಕೂತಿದ್ದಾರೆಂಬುದೇ ನನಗೆ ಗೊತ್ತಿರುತ್ತಿರಲಿಲ್ಲ. ಒಂದೇ ಚಾಪೆಯ ಮೇಲೆ ಮೊಣಕೈ ತಾಗಿಸಿಕೊಂಡು ಆಡಿದವನಿಗೆ ಅದು ದೊಡ್ಡ ಕೊರತೆ.

ಈ ದೀಪಾವಳಿಗೆ ಅಕ್ಕ ಮಗನೊಂದಿಗೆ ಬಂದಾಗ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆ. ಕಾಂಟ್ರಾ ಹೊಸ ಎಲ್‌ಇಡಿ ಟಿವಿಯಲ್ಲೂ ಓಡಿತು. ಪರದೆಯ ಮೇಲೆ ಹಾರುವ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಆಟದ ಪಿಸ್ತೂಲು ಮಾತ್ರ ಕೆಲಸ ಮಾಡಲಿಲ್ಲ. ಹುಡುಗನಿಗೆ ಕಾರಣ ಬೇಕಿತ್ತು, ಹೇಳಿದೆ. ಟ್ರಿಗರ್ ಒತ್ತಿದೊಡನೆ ಪರದೆ ಕ್ಷಣಕಾಲ ಕಪ್ಪಾಗಿ, ಹಕ್ಕಿ ಇರುವಲ್ಲಿ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲಿನಿಂದ ಏನೂ ಹೊರಡುವುದಿಲ್ಲ. ಅದರೊಳಗಿನ ಸಂವೇದಕ ಆ ಬೆಳಕನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಪಿಕ್ಚರ್ ಟ್ಯೂಬಿನ ಟಿವಿ ಆ ಬೆಳಕನ್ನು ತಡವಿಲ್ಲದೆ ತೋರಿಸುತ್ತಿತ್ತು, ಹೊಸ ಪರದೆಯಲ್ಲಿ ಅದು ತುಸು ತಡವಾಗಿ ಬರುತ್ತದೆ. ಅಷ್ಟರಲ್ಲಿ ಪಿಸ್ತೂಲು ನೋಡಬೇಕಾದ ಗಳಿಗೆ ದಾಟಿರುತ್ತದೆ.

ಅಮ್ಮ ಗುಜರಿಗೆ ಹಾಕೆಂದ ಡಬ್ಬಾ ಟಿವಿಯನ್ನು ನಾನು ಅದಕ್ಕೇ ಕೊಡಲಿಲ್ಲ. ಚಿತ್ರ ಮಂಕಾಗಿದೆ, ದನಿ ಚೆನ್ನಾಗಿದೆ. ಪಿಕ್ಚರ್ ಟ್ಯೂಬ್ ಕೆಲಸ ಬಲ್ಲ ರಿಪೇರಿಯವರನ್ನು ಊರೆಲ್ಲ ಹುಡುಕುತ್ತಿದ್ದೇನೆ. ಬೇಸಿಗೆ ರಜೆಯೊಳಗೆ ಅದು ಸರಿಯಾಗಬೇಕು, ಅಕ್ಕ ಮತ್ತೆ ಬರುತ್ತೇನೆಂದಿದ್ದಾಳೆ.