ಒಂದು ಬಾರ್ ತಾನೆ ಅಂದುಕೊಂಡೆ

ರೆಕಾರ್ಡಿಂಗ್ ದಿನ ಬೆಳಿಗ್ಗೆ ಚಾರ್ಟ್, ಅಂದರೆ ಹಾಡಿನ ನಕ್ಷೆಯ ಹಾಳೆ, ಕೈಗೆ ಬಂತು. ಹಾಡಿಗೆ ಮುಂಚಿನ ಇಂಟ್ರೊದ ಕೊನೇ ಬಾರ್ (ನಾಲ್ಕು ಎಣಿಕೆಯ ಒಂದು ತುಂಡು) ಮೇಲೆ ಪೆನ್ಸಿಲ್ ಗೀಟು. ರಿಹರ್ಸಲ್‌ನಲ್ಲಿ 8 ಬಾರ್ ಇದ್ದದ್ದು ರಾತ್ರೋರಾತ್ರಿ 7 ಆಗಿತ್ತು. ನುಡಿಸುವವರಿಗೆ ಒಂದು ಮಾತೂ ಹೇಳದೆ ಕತ್ತರಿ ಆಡಿಸುವುದು ಅರೇಂಜರ್‌ಗಳ ಹಳೇ ಚಾಳಿ. ಒಂದು ಬಾರ್ ತಾನೆ, ಎಣಿಸಿಕೊಂಡರಾಯಿತು ಅಂದುಕೊಂಡೆ. ತಾಳದ ಬಗ್ಗೆ ಚಾರ್ಟ್‌ನಲ್ಲಿ ಇದ್ದದ್ದು ಎರಡೇ ಪದ: ‘ಲ್ಯಾಟಿನ್ ಫೀಲ್’. ಏನು ಫೀಲ್ ಮಾಡಬೇಕೋ ನಮಗೇ ಬಿಟ್ಟದ್ದು.

ಎರಡು ಕಾಂಗಾ, ಅಂದರೆ ಕೈಯಲ್ಲಿ ಬಾರಿಸುವ ಲ್ಯಾಟಿನ್ ಅಮೆರಿಕದ ಉದ್ದನೆ ಡೋಲು, ಇಟ್ಟುಕೊಂಡು ಕೂತೆ. ಅದರ ಮಾಮೂಲಿ ಬಡಿತ ತುಂಬಾವೊ ನನ್ನ ಕೈಗೆ ಕೂತ ಪಾಠ. ಅಂಗೈ ಬುಡ, ಬೆರಳು, ಸ್ಲ್ಯಾಪ್ (ಚಟ್ ಅನ್ನೋ ಏಟು), ಬೆರಳು. ಮತ್ತೆ ಬುಡ, ಬೆರಳು, ಕೊನೆಗೆ ನಾದ ಬಿಟ್ಟು ಹೊಡೆಯುವ ಎರಡು ಓಪನ್. ಇದೆಲ್ಲ ಕೂರುವುದು ಕ್ಲಾವೆ ಅನ್ನುವ ಐದು ಪೆಟ್ಟಿನ ಲೆಕ್ಕದ ಮೇಲೆ: ಒಂದು ಬಾರ್‌ನಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಮೂರರ ಕಡೆ ಬಂದಾಗ ದೊಡ್ಡ ಕಾಂಗಾ ಮೇಲೆ ಒಂದು ಧುಂ. ರಿಹರ್ಸಲ್‌ನಲ್ಲಿ ಮೂರು–ಎರಡರಿಂದ, ಅಂದರೆ ಮೂರರ ಬಾರ್ ಮೊದಲಿಟ್ಟು, ಶುರು ಮಾಡಿದ್ದೆ. ಇಲ್ಲೂ ಹಾಗೇ.

ಪಲ್ಲವಿ ಬಂತು. ಏನೋ ಎಡವಟ್ಟು. ಹೆಡ್‌ಫೋನ್‌ನಲ್ಲಿ ಲಯ ತೋರಿಸುವ ಕ್ಲಿಕ್‌ನಿಂದ ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ, ಆದರೂ ಹಾಡು ನನ್ನ ಜೊತೆ ಜಗಳಕ್ಕೆ ಬಿದ್ದ ಹಾಗಿತ್ತು. ಎರಡನೇ ಟೇಕ್, ಅದೇ ಕಥೆ. ಮೂರನೇದೂ ನಿಂತಾಗ ನಾನೇ ಬಾಯಿಬಿಟ್ಟೆ: “ಸಾರ್, ಬೇಸ್ ಸ್ವಲ್ಪ ಮುಂದೆ ಓಡ್ತಿದೆ ಅನ್ಸುತ್ತೆ.”

ಹೆಡ್‌ಫೋನ್‌ನಲ್ಲಿ ಉಸಿರಿಲ್ಲ. ಮುಂದೆ ಇರುವುದೇ ಬೇಸ್‌ನ ಕೆಲಸ: ಬಾರ್‌ನ ನಾಲ್ಕು ಎಣಿಕೆಯಲ್ಲಿ ಎರಡರ ಬೆನ್ನಿಗೆ ಒಂದು ಸ್ವರ, ನಾಲ್ಕಕ್ಕೆ ಒಂದು ಸ್ವರ, ‘ಒಂದು’ ಖಾಲಿ. ಇದು ನನಗೂ ಗೊತ್ತಿತ್ತು. ಆ ಹೊತ್ತಿಗೆ ಯಾರ ಮೇಲಾದರೂ ಹಾಕಬೇಕಿತ್ತು, ಅಷ್ಟೆ. ಬೇಸ್ ಗಿಟಾರ್ ನುಡಿಸುವ ಸಾರ್ ಸಿಟ್ಟಾಗಲಿಲ್ಲ. ಬೇಸ್ ತೊಡೆಯ ಮೇಲೆ ಮಲಗಿಸಿ, ಪಲ್ಲವಿ ಗುನುಗುತ್ತಾ ಚಪ್ಪಾಳೆ ತಟ್ಟಿದರು. ಮೂರು, ಆಮೇಲೆ ಎರಡು. ಪದಗಳೆಲ್ಲ ಬಂದು ಚಪ್ಪಾಳೆ ಮೇಲೆ ಕೂತವು. ನಂತರ ನನ್ನ ಧುಂ ಎಲ್ಲಿ ಬೀಳುತ್ತಿತ್ತು ಅಂತ ಬಾಯಲ್ಲೇ ಸೇರಿಸಿ ತೋರಿಸಿದರು. ಎರಡರ ಕಡೆ! ನನ್ನ ಕಿವಿ ಬಿಸಿಯಾಯಿತು.

ಕ್ಲಾವೆ ಎರಡು ಬಾರ್‌ನ ಸುತ್ತು. ಇಂಟ್ರೊದಲ್ಲಿ ಒಂದು ಬಾರ್ ಹೋದರೆ ಪಲ್ಲವಿ ಬರುವಷ್ಟರಲ್ಲಿ ಕಡೆ ಬದಲಾಗಿರುತ್ತದೆ. ನಡುವೆ ನಿಲ್ಲಿಸಿ ತಿರುಗಿಸುವ ಹಾಗಿಲ್ಲ. ನಾನು ಎರಡು–ಮೂರರಿಂದ ಶುರು ಮಾಡಬೇಕಿತ್ತು. ಕ್ಲಿಕ್‌ಗೆ ಈ ಕಡೆ, ಆ ಕಡೆ ಅನ್ನೋದೇ ಇಲ್ಲ, ಸುಮ್ನೆ ಟಿಕ್ ಟಿಕ್ ಅನ್ನುತ್ತೆ. ಅದನ್ನೇ ನಂಬಿ ಕೂತಿದ್ದೆ. ಕೈ ಪಳಗಿಸಲು ತಿಂಗಳುಗಟ್ಟಲೆ ಕಳೆದವನು, ಹಾಡಿಕೊಂಡು ಕ್ಲಾವೆ ತಟ್ಟುವುದನ್ನು ಮಾತ್ರ ಹಾರಿಸಿಬಿಟ್ಟಿದ್ದೆ. ಈಗ ಮೊದಲು ಅದೇ: ಎರಡು ಬಾರ್‌ನ 16 ಸಣ್ಣ ಎಣಿಕೆಯಲ್ಲಿ 1, 4, 7, 11, 13ಕ್ಕೆ ಚಪ್ಪಾಳೆ. ಬಾಯಲ್ಲಿ ಹಾಡು. ಕಾಂಗಾ ಆಮೇಲೆ.

ನಾಲ್ಕನೇ ಟೇಕ್ ಓಕೆ ಆಯಿತು. ಚಾರ್ಟ್‌ಗಳು ಈಗಲೂ ‘ಲ್ಯಾಟಿನ್ ಫೀಲ್’ ಅಂತಲೇ ಬರುತ್ತವೆ. ಬೇಸ್ ಸಾರ್ ಮಾತ್ರ ಪ್ರತಿ ಟೇಕ್‌ಗೆ ಮುಂಚೆ ಗಾಜಿನ ಆಚೆಯಿಂದ ನನಗೆ ಬೆರಳು ಎತ್ತಿ ತೋರಿಸುತ್ತಾರೆ: ಮೂರೋ, ಎರಡೋ. ನಗುತ್ತಾ.