ಬೆನ್ನು ತಿರುಗಿಸಿ ನಿಂತ ಕಾರು

"ಈ ಕಾರು ಯಾಕೆ ಕೋಪ ಮಾಡ್ಕೊಂಡು ಆ ಕಡೆ ತಿರುಗಿ ನಿಂತಿದೆ?" ಪಕ್ಕದ ಮನೆಯ ಪುಟ್ಟ ಹುಡುಗಿ ಮೊನ್ನೆ ಕೇಳಿದ ಪ್ರಶ್ನೆ ಇದು. ಚಾರ್ಜಿಂಗ್ ಕಂಬಗಳ ಮುಂದೆ ನಾಲ್ಕು ಎಲೆಕ್ಟ್ರಿಕ್ ಕಾರುಗಳಿದ್ದವು. ಮೂರರ ಮೂತಿ ಕಂಬದ ಕಡೆಗೆ, ಒಂದರದ್ದು ರಸ್ತೆಗೆ. ಕೋಪವಲ್ಲ, ಅದರ ಬಾಯಿ ಇರುವುದೇ ಹಿಂದುಗಡೆ.

ಪೆಟ್ರೋಲ್ ಕಾರಿನಲ್ಲಿ ಟ್ಯಾಂಕಿನ ಮುಚ್ಚಳ ಎಡಕ್ಕೋ ಬಲಕ್ಕೋ ಎಂಬುದಷ್ಟೇ ಪ್ರಶ್ನೆ. ಅದಕ್ಕೂ 1986ರಲ್ಲಿ ಫೋರ್ಡ್‌ನ ಜಿಮ್ ಮಾಯ್ಲನ್ ಸೂಚಿಸಿದ ಪುಟ್ಟ ಬಾಣದ ಗುರುತು ಮೀಟರ್ ಪಕ್ಕದಲ್ಲಿ ಬಂತು. ವಿದ್ಯುತ್ ಕಾರಿನಲ್ಲಿ ಪೋರ್ಟ್, ಅಂದರೆ ಚಾರ್ಜಿಂಗ್ ಕೇಬಲ್ ಸಿಕ್ಕಿಸುವ ಬಾಯಿ, ಐದು ಜಾಗಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ಟಾಟಾ ಪಂಚ್ ಇವಿ, ಹಳೆಯ ನಿಸ್ಸಾನ್ ಲೀಫ್‌ಗಳಲ್ಲಿ ಮೂತಿಯಲ್ಲೇ ಇದೆ. ಟೆಸ್ಲಾ ಮಾಡೆಲ್ 3ರಲ್ಲಿ ಎಡ ಹಿಂಬದಿ, ಹ್ಯುಂಡೈ ಅಯಾನಿಕ್ 5ರಲ್ಲಿ ಬಲ ಹಿಂಬದಿ, ಫೋರ್ಡ್ ಮಸ್ಟಾಂಗ್ ಮ್ಯಾಕ್-ಇಯಲ್ಲಿ ಎಡ ಮುಂಬದಿ. ಎಡ, ಬಲ ಎಂದರೆ ಕಾರಿನೊಳಗೆ ಮುಂದೆ ನೋಡುತ್ತಾ ಕೂತಾಗಿನ ಲೆಕ್ಕ.

ಇದರಲ್ಲೊಂದು ಸೊಗಸಾದ ಲೆಕ್ಕ ಅಡಗಿದೆ. ಕಂಬಕ್ಕೆ ಮುಖ ಮಾಡಿ ನಿಂತು ನೋಡಿ. ಮೂತಿ ಮುಂದಾಗಿ ನುಗ್ಗಿದ ಕಾರಿನ ಎಡ ಮುಂಬದಿಯೂ, ರಿವರ್ಸ್‌ನಲ್ಲಿ ಬಂದ ಕಾರಿನ ಬಲ ಹಿಂಬದಿಯೂ ನಿಮ್ಮ ಎಡಗೈ ಕಡೆಯ ಒಂದೇ ಮೂಲೆಗೆ ಬರುತ್ತವೆ. ಎಡ ಹಿಂಬದಿ ಮತ್ತು ಬಲ ಮುಂಬದಿ ಎರಡೂ ನಿಮ್ಮ ಬಲಗೈ ಕಡೆಗೆ. ಟೆಸ್ಲಾದ ಹಳೆಯ ಸೂಪರ್‌ಚಾರ್ಜರ್‌ಗಳನ್ನು (ಆ ಕಂಪನಿಯ ವೇಗದ ಚಾರ್ಜಿಂಗ್ ಕಂಬಗಳು) ಎಡ ಹಿಂಬದಿಯ ಪೋರ್ಟನ್ನೇ ಲೆಕ್ಕಕ್ಕಿಟ್ಟು, ಗಿಡ್ಡ ಕೇಬಲ್ ಕೊಟ್ಟು ಕಟ್ಟಿದ್ದಾರೆ. ಅಲ್ಲಿ ಬಲ ಹಿಂಬದಿಯ ಕಾರು ಪಕ್ಕದ ಜಾಗದ ಕಂಬಕ್ಕೆ ಕೈಚಾಚಬೇಕಾಗುತ್ತದೆ. ನಿಂತದ್ದು ಒಂದು ಜಾಗದಲ್ಲಿ, ತಡೆದದ್ದು ಎರಡನ್ನು. ಹಿಂದೆ ಕಾಯುವವರು ಸಿಡಿಮಿಡಿಗೊಳ್ಳುತ್ತಾರೆ, ಆದರೆ ಚಾಲಕನದ್ದೇನೂ ತಪ್ಪಿಲ್ಲ. ಅಂಥ ಕಡೆ ಸಾಲಿನ ತುದಿಯ ಜಾಗ ಹಿಡಿಯುವುದೇ ದಾರಿ.

ಕೇಬಲ್ ಉದ್ದ ಮಾಡಿಬಿಟ್ಟರಾಯಿತಲ್ಲ ಎನ್ನಬಹುದು. ವೇಗದ ಚಾರ್ಜಿಂಗ್‌ನ ಡಿಸಿ ಕೇಬಲ್‌ನಲ್ಲಿ 500 ಆಂಪಿಯರ್‌ವರೆಗೆ ಕರೆಂಟ್ ಹರಿಯುತ್ತದೆ. ದಪ್ಪ ತಾಮ್ರ, ಅದರ ಜೊತೆ ತಂಪು ದ್ರವದ ಕೊಳವೆ. ಪ್ರತಿ ಮೀಟರಿಗೂ ತೂಕ ಏರುತ್ತದೆ. ನಿಧಾನ ಚಾರ್ಜಿಂಗ್‌ನ ಎಸಿ ಕೇಬಲ್ ಹಗುರ, ಸಾಮಾನ್ಯವಾಗಿ 5 ಅಥವಾ 7 ಮೀಟರ್.

ಆ 7 ಮೀಟರೂ ರಸ್ತೆ ಬದಿಯಲ್ಲಿ ಸಾಲದೇ ಹೋಗಬಹುದು. ಕಂಬ ಕಾರಿನ ಮೂತಿಯ ಹತ್ತಿರ, ಪೋರ್ಟ್ ಆಚೆ ಬದಿಯ ಹಿಂದುಗಡೆ ಇದೆ ಎನ್ನಿ. ಅಗಲಕ್ಕೆ 1.8 ಮೀಟರ್, ಉದ್ದಕ್ಕೆ ಸುಮಾರು 3.5, ಕಂಬದಿಂದ ನೆಲಕ್ಕಿಳಿಯಲು ಒಂದು, ಮತ್ತೆ ಪೋರ್ಟಿಗೆ ಏರಲು ಒಂದು. 7.3 ಆಯಿತು! ಎಟುಕಲಿ ಎಂದು ಬಿಗಿಯಾಗಿ ಎಳೆದು ಸಿಕ್ಕಿಸಬೇಡಿ. ಕೇಬಲ್ ತುದಿಯ ಪ್ಲಗ್, ಅಂದರೆ ಗನ್, ಓರೆಯಾಗಿ ಜೋತರೆ ಒಳಗಿನ ಪಿನ್‌ಗಳು ಸರಿಯಾಗಿ ಕೂರದೆ ಬಿಸಿಯಾಗುತ್ತವೆ. ಕಾರು ಅದನ್ನು ಗುರುತಿಸಿ ಕರೆಂಟ್ ಇಳಿಸುತ್ತದೆ ಅಥವಾ ಚಾರ್ಜಿಂಗನ್ನೇ ನಿಲ್ಲಿಸುತ್ತದೆ. ಉಳಿದ ಕೇಬಲ್ ಸುರುಳಿಯಾಗಿದ್ದರೂ ಶಾಖ ಹೆಚ್ಚುತ್ತದೆ, ಬಿಡಿಸಿ ಕಾರಿನ ಅಂಚಿಗೆ ಹಾಸಿ. ತೆಗೆಯುವಾಗ ಮೊದಲು ಕಾರನ್ನು ಅನ್‌ಲಾಕ್ ಮಾಡಿ, ಲಾಕ್ ಪಿನ್ ಬಿಡದೆ ಗನ್ ಜಗ್ಗಬಾರದು.

ಊರಿನವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ನಾನಿರುವ ಈ ಹೊರದೇಶದಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ. ಹಾಗಾಗಿ ಬಲ ಹಿಂಬದಿಯ ಪೋರ್ಟ್ ಫುಟ್‌ಪಾತ್ ಕಡೆಗೆ ಬರುತ್ತದೆ, ಗನ್ ಸಿಕ್ಕಿಸುವವರು ನೆಮ್ಮದಿಯಾಗಿ ನಿಲ್ಲಬಹುದು. ಅದೇ ಕಾರು ಅದೇ ಪೋರ್ಟಿನೊಂದಿಗೆ ಭಾರತದ ನಮ್ಮ ಎಡಬದಿಯ ರಸ್ತೆಗೆ ಬಂದರೆ ಗನ್ ಓಡುವ ವಾಹನಗಳ ಕಡೆ ಚಾಚಿಕೊಳ್ಳುತ್ತದೆ. ಸ್ಟೀರಿಂಗನ್ನು ಬಲಕ್ಕೆ ಕೂರಿಸಿ ಕಳಿಸುವ ಕಂಪನಿಗಳು ಪೋರ್ಟನ್ನು ಇದ್ದಲ್ಲೇ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮೂತಿಯ ಪೋರ್ಟಿಗೆ ಈ ತೊಂದರೆ ಇಲ್ಲ, ನನ್ನ ಒಲವೂ ಅದಕ್ಕೇ. ಆದರೆ ಮುಂದೆ ಸಣ್ಣದಾಗಿ ಗುದ್ದಿದರೂ ಮೊದಲ ಪೆಟ್ಟು ಅದಕ್ಕೆ, ಹಿಮ ಬೀಳುವ ಕಡೆ ಮುಚ್ಚಳವೂ ಹೆಪ್ಪುಗಟ್ಟುತ್ತದೆ.

ಮನೆ ಕಟ್ಟಿಸುತ್ತಿದ್ದರೆ ಚಾರ್ಜರ್ ಪೆಟ್ಟಿಗೆಯನ್ನು ಗೋಡೆಗೆ ಬಡಿಸುವ ಮುಂಚೆ ಕಾರನ್ನು ಮೂತಿ ಮುಂದಾಗಿ ಒಮ್ಮೆ, ರಿವರ್ಸ್‌ನಲ್ಲಿ ಒಮ್ಮೆ ನಿಲ್ಲಿಸಿ. ಪೋರ್ಟಿನಿಂದ ಗೋಡೆಯವರೆಗೆ ಹಗ್ಗವನ್ನು ನೆಲ ಮುಟ್ಟಿಸಿ ಅಳೆಯಿರಿ, ಮೇಲೊಂದು ಮೀಟರ್ ಸೇರಿಸಿ. ಪೋರ್ಟ್ ಇರುವ ಬದಿಗೆ ಎರಡಡಿ ಜಾಗ ಉಳಿಯಲಿ, ಇಲ್ಲವಾದರೆ ಗನ್ ಹಿಡಿದವರು ಅಡ್ಡಡ್ಡ ನುಸುಳಬೇಕು. ಮುಂದಿನ ಕಾರಿನ ಪೋರ್ಟ್ ಯಾವ ಮೂಲೆಗೆ ಬರುತ್ತದೋ ಈಗಲೇ ಹೇಳಲಾಗದು, ಹಾಗಾಗಿ ಪೆಟ್ಟಿಗೆಯನ್ನು ಎದುರು ಗೋಡೆಯ ನಡುವೆ ಹಾಕಿಸಿದರೆ ಎರಡೂ ಕಡೆಗೆ ಎಟುಕುತ್ತದೆ.