ಐಫೆಲ್ ಟವರ್ 1:250 – ಕೊನೆಗೂ ನಾಲ್ಕು ಕಾಲೂ ಒಂದೇ ಮಟ್ಟಕ್ಕೆ ಬಂದ್ವು

ಬಂತು ಕಣ್ರೀ! ಊದುಬತ್ತಿಯ ಬಿದಿರು ಕಡ್ಡೀಲಿ ಐಫೆಲ್ ಟವರನ್ನ 250ರಲ್ಲಿ ಒಂದು ಪಾಲು ಅಳತೆಗೆ ಕಟ್ತಿದ್ದೀನಿ. ನಿನ್ನೆ ರಾತ್ರಿ ಹನ್ನೊಂದೂವರೆಗೆ ನಾಲ್ಕನೇ ಕಾಲೂ ಮಟ್ಟಕ್ಕೆ ಬಂತು, ಮೊದಲನೇ ಅಂತಸ್ತಿನ ಪಟ್ಟಿ ಎಲ್ಲೂ ಒತ್ತದೆ, ತಿರುಚದೆ ನಾಲ್ಕೂ ಮೂಲೆಗೆ ತಾನಾಗೇ ಹೋಗಿ ಕೂತ್ಕೊಳ್ತು. ಹನ್ನೊಂದು ವಾರದಿಂದ ಈ ಒಂದೇ ಜಾಗದಲ್ಲಿ ಸಿಕ್ಕಾಕೊಂಡಿದ್ದೆ, ಹಂಗಾಗಿ ಇವತ್ತು ಬರೀಲೇಬೇಕು.

ಊದುಬತ್ತಿ ಕಡ್ಡೀಲಿ ಮಾಡೆಲ್ ಮಾಡೋರಿಗೆ ಜಿಗ್ (ಕಡ್ಡಿ ಅಲುಗದಂತೆ ಹಿಡಿಯೋ ಅಚ್ಚು) ಹೆಂಗ್ ಮಾಡೋದು, ಫೆವಿಕಾಲ್ ಎಷ್ಟು ತೆಳು ಮಾಡ್ಕೋಬೇಕು ಅಂತ ಮತ್ತೆ ಹೇಳಲ್ಲ. ಅಳತೆ ಮಾತ್ರ ಹೇಳ್ಬಿಡ್ತೀನಿ. ನಿಜವಾದ ಟವರು ತುದಿಯ ಆಂಟೆನಾ ಸೇರಿ 330 ಮೀಟರು, ನಂದು 1.32 ಮೀಟರು. ಬುಡದಲ್ಲಿ ಒಂದೊಂದು ಬದಿ 125 ಮೀಟರು, ನಮ್ಮಲ್ಲಿ 50 ಸೆಂ.ಮೀ. ಮೊದಲನೇ ಅಂತಸ್ತು ಅಲ್ಲಿ 57 ಮೀಟರ್ ಎತ್ತರದಲ್ಲಿ, ಇಲ್ಲಿ 22.8 ಸೆಂ.ಮೀ. ಈ 22.8 ಅನ್ನೋ ಸಂಖ್ಯೆ ಈಗ ನಿದ್ದೇಲಿ ಕೇಳಿದ್ರೂ ಹೇಳ್ತೀನಿ.

ಕಾಲು ನಾಲ್ಕನ್ನೂ ಬೇರೆ ಬೇರೆ ಕಟ್ಟಿ ಪ್ಲೈವುಡ್ ಮೇಲೆ ನಿಲ್ಸಿದಾಗ ಮೂರು ಸರಿ ಇದ್ವು, ನಾಲ್ಕನೇದು 4 ಮಿ.ಮೀ. ಕೆಳಗೆ. ನಾಲ್ಕು ಮಿಲಿಮೀಟರ್ ತಾನೇ ಅನ್ನಬೇಡಿ, ಪ್ಯಾರಿಸ್ ಲೆಕ್ಕದಲ್ಲಿ ಅದು ಒಂದು ಮೀಟರು! ನಾನು ಅವಸರಕ್ಕೆ ಸ್ಯಾಂಡ್ ಪೇಪರ್ ತಗೊಂಡು ಮಿಕ್ಕ ಮೂರರ ತಲೆ ಉಜ್ಜೋಕೆ ಶುರು ಮಾಡ್ದೆ, ಎರಡು ಕಾಲು ತಲಾ ಒಂದೂವರೆ ಮಿ.ಮೀ. ಸವೆಸಿದೆ, ಅಷ್ಟರಲ್ಲಿ ಕತ್ತಲಾಯ್ತು, ಆ ರಾತ್ರಿ ನಮ್ಮ ಸಾಗರ ಊರಲ್ಲಿ ಜಡಿಮಳೆ, ಬೆಳಿಗ್ಗೆ ಎದ್ದು ಅಳೆದ್ರೆ ಕೆಳಗಿರೋದು ಬೇರೆ ಕಾಲು. ಕೂತು ಅಳಬೇಕು ಅನ್ನಿಸ್ತು.

ಒಂದು ವಾರ ದಿನಾ ಬೆಳಿಗ್ಗೆ ಸಂಜೆ ಅಳೆದು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಮೊದಲು ಅನುಮಾನ ಬಿದಿರಿನ ಮೇಲೆ. ಆದ್ರೆ ಬಿದಿರು ನೀರು ಕುಡಿದ್ರೆ ಅಡ್ಡಕ್ಕೆ ಊದ್ಕೊಳ್ಳುತ್ತೆ, ಉದ್ದಕ್ಕೆ ಹಿಗ್ಗೋದು ತೀರಾ ಕಮ್ಮಿ, 4 ಮಿ.ಮೀ. ಅಂತೂ ಸಾಧ್ಯನೇ ಇಲ್ಲ. ಕೊನೆಗೆ ಸ್ಟೀಲ್ ಸ್ಕೇಲನ್ನ ಪ್ಲೈವುಡ್ ಮೇಲೆ ಅಂಚಿಗೆ ನಿಲ್ಸಿ ಹಿಂದಿಂದ ಟಾರ್ಚ್ ಬಿಟ್ಟೆ. ನಡುಮಧ್ಯ ಬೆಳಕು ಸೋರ್ತಿದೆ! ಹಲಗೆ ತಟ್ಟೆ ತರ ಬಾಗಿದೆ. "ಮಳೆಗೆ ಏನೂ ಆಗಲ್ಲ ಸಾರ್, ಹತ್ತು ವರ್ಷ ಗ್ಯಾರಂಟಿ" ಅಂತ ಕೊಟ್ಟಿದ್ದ 18 ಮಿ.ಮೀ. ಹಲಗೆ ಅದು, ಒಂದು ಮಳೆಗಾಲ ತಡೀಲಿಲ್ಲ. ಕಡ್ಡಿ ತರಿಸಿದ ಅಂಗಡಿ ಕಥೆ ಇನ್ನೊಂದು. 1.3 ಮಿ.ಮೀ. ಅಂತ ಹೇಳಿ ಕಳಿಸಿದ ಕಟ್ಟಲ್ಲಿ 1.1ರಿಂದ 1.6ರವರೆಗೆ ಎಲ್ಲಾ ಇತ್ತು, ಕ್ಯಾಲಿಪರ್ ಹಿಡ್ಕೊಂಡು ಆರಿಸೋಕೇ ಎರಡು ಭಾನುವಾರ ಹೋಯ್ತು. ಫೋನ್ ಮಾಡಿದ್ರೆ "ಊದುಬತ್ತಿ ಹಚ್ಚೋಕೆ ಇದು ಸಾಕಲ್ವಾ ಸಾರ್" ಅಂದ್ರು. ಅವರ ಮಾತೂ ಸರೀನೇ, ಆದ್ರೂ ಹೇಳಿದ ಅಳತೆ ಕೊಡ್ಬೇಕು ತಾನೇ.

ಪಕ್ಕದ ಸೈಟಲ್ಲಿ ಮನೆ ಕಟ್ತಿರೋ ಮೇಸ್ತ್ರಿಗಳು ಒಂದಿನ ನೀರು ಕೇಳೋಕೆ ಬಂದೋರು ನೋಡಿ, "ಮೇಷ್ಟ್ರೇ, ಬುಡ ಅಲ್ಲಾಡ್ತಿರುವಾಗ ತಲೆ ಕೊಯ್ದ್ರೆ ಏನ್ ಬಂತು? ನಾವು ಸೆಂಟ್ರಿಂಗ್ ಕಂಬದ ಕೆಳಗೆ ಬೆಣೆ ಹಾಕಲ್ವಾ, ಹಂಗೆ ಮಾಡಿ" ಅಂದು ಚೊಂಬು ಕೆಳಗಿಟ್ಟು ಹೋದ್ರು.

ಆಗ ನೆನಪಾಯ್ತು, ಪ್ಯಾರಿಸ್‌ನಲ್ಲೂ ಮಾಡಿದ್ದು ಇದನ್ನೇ! 1887ರ ಜುಲೈ 1ಕ್ಕೆ ಕಬ್ಬಿಣದ ಕಾಲು ಎಬ್ಬಿಸೋಕೆ ಶುರು ಮಾಡಿದ್ರು. ನಾಲ್ಕೂ ಒಳಗಡೆಗೆ ವಾಲಿಕೊಂಡೇ ಮೇಲೇಳ್ಬೇಕು, ಸ್ವಲ್ಪ ಎತ್ತರ ಆದ್ಮೇಲೆ ಆಸರೆ ಇಲ್ದೆ ನಿಲ್ಲಲ್ಲ, ಅದಕ್ಕೆ 30 ಮೀಟರ್ ಎತ್ತರದ ಮರದ ಅಟ್ಟಣೆಗಳು. ಜಾಣತನ ಇರೋದು ಆ ಅಟ್ಟಣೆ ಮತ್ತೆ ಕಾಲಿನ ನಡುವೆ. ಅಲ್ಲಿ ಮರಳು ತುಂಬಿದ ಡಬ್ಬಿ ಇಟ್ಟಿದ್ರು. ತೂತು ಬಿಚ್ಚಿ ಮರಳು ಬಿಟ್ರೆ ಅಷ್ಟು ಸಾವಿರ ಕಿಲೋ ಕಬ್ಬಿಣ ನಿಧಾನಕ್ಕೆ ಕೆಳಗಿಳಿಯುತ್ತೆ. ಮೇಲೆತ್ತಬೇಕಾ, ಬುಡದಲ್ಲಿ ಹೈಡ್ರಾಲಿಕ್ ಜಾಕ್. ಹಿಂಗೆ ಇಳಿಸಿ ಎತ್ತಿ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿ, ಡಿಸೆಂಬರ್ 7ಕ್ಕೆ ಮೊದಲನೇ ಅಂತಸ್ತಿನ ದೊಡ್ಡ ತೊಲೆಗಳನ್ನ ಕೂಡಿಸಿದ್ರು. ಒಟ್ಟು 18,038 ತುಂಡು, ಎಲ್ಲಾ ಪ್ಯಾರಿಸ್ ಪಕ್ಕದ ಲೆವಾಲ್ವಾ-ಪೆರೆಯ ಕಾರ್ಖಾನೇಲಿ ರಿವೆಟ್ಟಿನ (ತುಂಡು ಜೋಡಿಸೋ ಕಬ್ಬಿಣದ ಮೊಳೆ) ತೂತು ಸಮೇತ ತಯಾರಾಗಿ ಬರ್ತಿದ್ವು. ಯಾವುದಾದ್ರೂ ಹೊಂದಲಿಲ್ಲ ಅಂದ್ರೆ ಅಲ್ಲೇ ಕೊರೀತಿರ್ಲಿಲ್ಲ, ವಾಪಸ್ ಕಾರ್ಖಾನೆಗೆ ಕಳಿಸ್ತಿದ್ರು. ಇದನ್ನ ಎಷ್ಟೋ ಸಲ ಓದಿದ್ದೆ, ಆದ್ರೂ ಕೈಗೆ ಸ್ಯಾಂಡ್ ಪೇಪರ್ ಬಂದಿತ್ತು. ಉಜ್ಜಿದ ಎರಡು ಕಾಲು ಬಿಚ್ಚಿ ಹೊಸದಾಗಿ ಕಟ್ದೆ.

ಬುಡಕ್ಕೆ ಜಾಕ್ ಬದಲು ಎಂ4 (4 ಮಿ.ಮೀ. ದಪ್ಪದ) ಬೋಲ್ಟು, ಒಂದು ಕಾಲಿಗೆ ನಾಲ್ಕರಂತೆ ಹದಿನಾರು. ಒಂದು ಸುತ್ತು ತಿರುಗಿಸಿದ್ರೆ 0.7 ಮಿ.ಮೀ. ಏರಿಳಿಯುತ್ತೆ, ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿಸಿದ್ರೆ 0.2ಕ್ಕಿಂತ ಕಮ್ಮಿ, ನಮಗೆ ಬೇಕಾದಷ್ಟು ಸೂಕ್ಷ್ಮ. ಮರಳಿನ ಡಬ್ಬಿಗೆ ಮೆಡಿಕಲ್ ಶಾಪಿನ 10 ಎಂ.ಎಲ್. ಸಿರಿಂಜು, ಒಂದು ಕಾಲಿಗೆ ಒಂದು. ಅದರ ರಬ್ಬರು ಗೋಡೆಗೆ ಕಚ್ಕೊಂಡು ಜಾರದೇ ನಿಂತ್ಬಿಡ್ತು, ಕಿತ್ತಾಕಿ ಮರದ ಬಿಲ್ಲೆ ಹಾಕ್ದೆ. ಒಳಗೆ ಮೊದಲು ರಂಗೋಲಿ ಪುಡಿ ತುಂಬಿದ್ದೆ, ನುಣ್ಣಗಿದೆ ಚೆನ್ನಾಗಿ ಇಳಿಯುತ್ತೆ ಅಂತ. ಎಲ್ಲಿಂದ, ಮಳೆಗಾಲದ ಥಂಡಿಗೆ ಮುದ್ದೆಯಾಗಿ ತೂತಿನ ಮೇಲೆ ಕಮಾನು ಕಟ್ಕೊಂಡು ಕೂತ್ಕೊಳ್ತು, ಬೆರಳಲ್ಲಿ ತಟ್ಟಿದ್ರೆ ಒಂದೇ ಸಲ ಧಡಾರನೆ 3 ಮಿ.ಮೀ. ಕುಸಿಯೋದು. ಆಮೇಲೆ ಅಕ್ವೇರಿಯಂ ಮರಳು ತಂದು ತೊಳೆದು, ಬಾಣಲೇಲಿ ಹುರಿದು, ಟೀ ಸೋಸೋ ಜಾಲರೀಲಿ ಜರಡಿ ಹಿಡಿದೆ. ಸಿರಿಂಜಿನ ಬಾಯಿ ಕೊಯ್ದು 4 ಮಿ.ಮೀ. ತೂತು, ಅದಕ್ಕೆ ಬೆಂಕಿಕಡ್ಡಿಗೆ ಪೇಪರ್ ಸುತ್ತಿದ ಬಿರಡೆ. ಬಿರಡೆ ಸ್ವಲ್ಪ ಸಡಿಲಿಸಿದ್ರೆ ಮರಳು ದಾರದ ಎಳೆ ತರ ಸುರಿಯುತ್ತೆ, ಮುಚ್ಚಿದ್ರೆ ಅಲ್ಲೇ ನಿಲ್ಲುತ್ತೆ. ಎಷ್ಟು ಚೆಂದ ಅಂದ್ರೆ ಮಗಳು ಬಂದು "ಅಪ್ಪಾ, ಇನ್ನೊಂಚೂರು ಬಿಡಪ್ಪಾ" ಅಂತ ನೋಡ್ತಾ ಕೂತಿದ್ಲು.

ಮಟ್ಟ ನೋಡೋಕೆ ಸ್ಪಿರಿಟ್ ಲೆವೆಲ್ ನಂಬಬೇಡಿ, ಅದು ಕೂರೋಕೆ ಸಮ ಜಾಗ ಬೇಕು, ನಮ್ಮಲ್ಲಿ ಇಲ್ದಿರೋದೇ ಅದು. ಗಾರೆಯವರ ನೀರಿನ ಪೈಪೇ ಸರಿ, ಎರಡೂ ತುದೀಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ನಾನು ಗ್ಲೂಕೋಸ್ ಡ್ರಿಪ್ಪಿನ ಪೈಪಿಗೆ ನೀರು, ಎರಡು ಹನಿ ಇಂಕು ಹಾಕ್ಕೊಂಡೆ.

ಕಾಲುಗಳ ನಡುವಿನ ದೊಡ್ಡ ಕಮಾನು ಈಗಲೇ ಅಂಟಿಸ್ಬೇಡಿ. ಕಮಾನೇ ಟವರನ್ನ ಹೊತ್ತಿದೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅದು ಹೆಚ್ಚಾಗಿ ಅಲಂಕಾರಕ್ಕೆ, ವಾಸ್ತುಶಿಲ್ಪಿ ಸೊವೆಸ್ತ್ರ್ ಸೇರಿಸಿದ್ದು. ಮೊದಲೇ ಅಂಟಿಸಿದ್ರೆ ಕಾಲು ಅಲುಗಾಡಿಸೋಕೆ ಆಗಲ್ಲ.

ಈ ಮರಳಿನ ಹುಚ್ಚು ಹತ್ತಿದ್ಮೇಲೆ ಮುಂದಿನ ಪ್ರಾಜೆಕ್ಟೂ ತಲೇಲಿ ಕೂತಿದೆ: ಸಿಡ್ನಿ ಒಪೆರಾ ಹೌಸ್. ಅದರ ಚಾವಣಿಯ ಚಿಪ್ಪುಗಳನ್ನ ಹೆಂಗ್ ಕಟ್ಟೋದು ಅಂತ ವರ್ಷಗಟ್ಟಲೆ ತಿಣುಕಾಡಿ, 1961ರಲ್ಲಿ ಅದರ ವಾಸ್ತುಶಿಲ್ಪಿ ಯೋರ್ನ್ ಉಟ್ಜಾನ್ ಎಲ್ಲಾ ಚಿಪ್ಪನ್ನೂ ಒಂದೇ ಗೋಳದಿಂದ ಕೊಯ್ದ ಹಾಗೆ ಮಾಡಿದ. ಬಾಗು ಒಂದೇ ಆದ್ರೆ ಅಚ್ಚೂ ಒಂದೇ ಸಾಕು, ನೋಡಿ! ಆ ಗೋಳದ ತ್ರಿಜ್ಯ ಸುಮಾರು 75 ಮೀಟರು. ನಮ್ಮ ಇದೇ 1:250ಕ್ಕೆ ಇಳಿಸಿದ್ರೆ 60 ಸೆಂ.ಮೀ. ಅಗಲದ ಚೆಂಡು. ನಮ್ಮ ಮನೇಲಿ 65 ಸೆಂ.ಮೀ.ನ ಜಿಮ್ ಬಾಲ್ ಇದೆ, ಗಾಳಿ ಸ್ವಲ್ಪ ಕಮ್ಮಿ ಹಾಕಿದ್ರೆ ಕರೆಕ್ಟ್ ಆಗುತ್ತೆ, ಮೇಲೆ ಪೇಪರ್ ಗಂಜಿ ಮೆತ್ತಿ ಒಣಗಿಸಿ ಕೊಯ್ಯೋದು. ಹತ್ತು ಲಕ್ಷಕ್ಕೂ ಮೇಲಿರೋ ಟೈಲ್ಸ್ ಮಾತು ಆಮೇಲೆ.

ಪ್ಯಾರಿಸ್‌ನಲ್ಲಿ ಮಟ್ಟ ಸಿಕ್ಕಿದ್ಮೇಲೆ ಜಾಕ್ ತೆಗೆದು ಕಾಯಂ ಬೆಣೆ ಹಾಕಿದ್ರು. ನಾನೂ ತೇಗದ ಚೂರು ಕೆತ್ತಿ ಮೂರು ಕಾಲಿಗೆ ಬೆಣೆ ಕೂರಿಸಿ ಬೋಲ್ಟ್ ಬಿಚ್ಚಿದ್ದೀನಿ, ಪೈಪಿನ ನೀರು ಕದಲಿಲ್ಲ. ನಾಲ್ಕನೇದು ಪಟ್ಟಿಯ ಅಂಟು ಪೂರ್ತಿ ಒಣಗಿದ್ಮೇಲೆ, ಭಾನುವಾರ. ಎರಡನೇ ಅಂತಸ್ತಿಗೆ ಕಡ್ಡಿ ಆರಿಸೋಕೆ ಮಗಳು ಕ್ಯಾಲಿಪರ್ ಎತ್ಕೊಂಡು ಆಗಲೇ ಕೂತಿದ್ದಾಳೆ.